ಪಡಸಾಲೆ ಬದಲಾದಾಗ

(ಬಾನುಲಿ ಭಾಷಣ)



ಕಂಪ್ಯೂಟರಿನ ಪರದೆ ಬೆಳಗಿದೊಡನೆ ಕಣ್ಣಿಗೆ ಬೀಳುವ ಮೊದಲ ನೋಟಕ್ಕೆ ‘ಡೆಸ್ಕ್‌ಟಾಪ್’ ಎಂದು ಹೆಸರು. ಎಂದರೆ ಬರೆಯುವ ಮೇಜಿನ ಮೇಲ್ಭಾಗ. ರಾಯಚೂರಿನ ರಾಜೇಂದ್ರ ಗಂಜಿನ ದಲಾಲಿ ಅಂಗಡಿಗಳನ್ನು ಹಿಂದೆ ಕಂಡವರಿಗೆ ಈ ಹೆಸರಿನ ಔಚಿತ್ಯ ಬೇಗ ಹೊಳೆದೀತು. ಗುಮಾಸ್ತರು ಗಾದಿಯ ಮೇಲೆ ಕುಳಿತಿರುತ್ತಿದ್ದರು. ಮುಂದೊಂದು ಗಿಡ್ಡ ಮೇಜು. ಅದರ ಮೇಲೆ ಒಂದು ಕಡೆ ಖಾತೆಯ ಪುಸ್ತಕ, ಇನ್ನೊಂದು ಕಡೆ ಮಸಿಕುಡಿಕೆ, ನಡುವೆ ಆ ದಿನದ ಹತ್ತಿಯ ತೂಕದ ಚೀಟಿಗಳು. ಗಿರಾಕಿಯ ಮುಖ ನೋಡುತ್ತಲೇ ಅವರು ಕೈಚಾಚಿ ಬೇಕಾದುದನ್ನು ಎತ್ತಿಕೊಳ್ಳುತ್ತಿದ್ದರು. ಯಾರಾದರೂ ಆ ಮಸಿಕುಡಿಕೆಯನ್ನು ಗೇಣುದ್ದ ಸರಿಸಿಟ್ಟರೆ ಆ ದಿನದ ಬರಹವೆಲ್ಲ ತಡವರಿಸುತ್ತಿತ್ತು. ವಸ್ತು ಕಳೆದಿರಲಿಲ್ಲ, ಅದರ ಜಾಗ ಕಳೆದಿತ್ತು.

ನನ್ನ ಮಟ್ಟಿಗೆ ನಾನು ಈ ನೋಟವನ್ನು ಪಡಸಾಲೆ ಎಂದು ಕರೆದುಕೊಂಡಿದ್ದೇನೆ. ಹೊರಗಿನಿಂದ ಬಂದವನು ಮೊದಲು ಕಾಲಿಡುವುದು ಅಲ್ಲಿ. ಅಡುಗೆಮನೆಗಾಗಲಿ ದೇವರಮನೆಗಾಗಲಿ ದಾರಿ ಹಿಡಿಯುವುದೂ ಅಲ್ಲಿಂದಲೇ. ಬಹುಕಾಲ ಬಾಳಿದ ಮನೆಯನ್ನು ಬಿಟ್ಟು ಬೇರೆ ಪಡಸಾಲೆಯಲ್ಲಿ ಹೆಜ್ಜೆಯಿಡಬೇಕಾದಾಗ ಮನುಷ್ಯನ ಕೈಗೂ ಮನಸ್ಸಿಗೂ ಏನಾಗುತ್ತದೆ, ಹೊರಡುವಾಗ ಅವನು ಏನನ್ನು ಮರೆಯದೆ ಕೊಂಡೊಯ್ಯಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ಈ ಪಡಸಾಲೆಗೂ ಒಂದು ಚರಿತ್ರೆಯುಂಟು. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರು ಮೌಸನ್ನು ಕೈಯಲ್ಲಿ ಹಿಡಿದು, ಪರದೆಯ ಮೇಲಿನ ಬರಹವನ್ನು ತಿದ್ದಿ ತೋರಿಸಿದರು. ಝೆರಾಕ್ಸ್ ಸಂಸ್ಥೆ 1981ರಲ್ಲಿ ತಂದ ‘ಸ್ಟಾರ್’ ಯಂತ್ರದ ಪರದೆಯ ಮೇಲೆ ಕಾಗದ, ಕಡತ, ಕಪಾಟುಗಳ ಪುಟ್ಟ ಚಿತ್ರಗಳು ಬಂದು ಕುಳಿತವು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಅದನ್ನು ಸಾಮಾನ್ಯರ ಮೇಜಿಗೆ ತಂದಿತು. 1995ರಲ್ಲಿ ಬಂದ ವಿಂಡೋಸ್ 95 ಪರದೆಯ ಎಡಗಡೆಯ ಕೆಳಮೂಲೆಯಲ್ಲಿ ‘ಸ್ಟಾರ್ಟ್’ ಎಂಬ ಗುಂಡಿಯನ್ನು ಇಟ್ಟಿತು. ನಮ್ಮ ಭಾಗದ ಕಚೇರಿ, ಶಾಲೆ, ಟೈಪು ಅಂಗಡಿಗಳಿಗೆ ಬಹುಕಾಲ ಕಂಪ್ಯೂಟರು ಎಂದರೆ ಆ ಮೂಲೆಯ ಗುಂಡಿಯೇ. ಅದು ಹಲವು ಬಗೆಗಳಲ್ಲಿ ಒಂದು ಬಗೆ ಎಂಬುದು ಯಾರಿಗೂ ತೋರುತ್ತಿರಲಿಲ್ಲ. ಹುಟ್ಟಿದ ಮನೆಯ ಬಾಗಿಲು ಯಾವ ದಿಕ್ಕಿಗಿದೆಯೋ ಅದೇ ಮೂಡಣ ಎಂದು ಮಗು ತಿಳಿಯುವ ಹಾಗೆ.

ನಾನು ರಾಯಚೂರಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಮ್ಮ ಮನೆಯ ಕಂಪ್ಯೂಟರು ಹತ್ತು ವರ್ಷಕ್ಕೂ ಹಳೆಯದು. ಅದರಲ್ಲಿದ್ದ ವಿಂಡೋಸ್ 10 ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಟನ್ನೂ ಈಚಿನ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ನನ್ನ ಯಂತ್ರದಲ್ಲಿ ಎರಡೂ ಇಲ್ಲ. ಇನ್ನೊಂದು ವರ್ಷದ ಮಟ್ಟಿಗೆ ಸುರಕ್ಷತೆಯ ಪರಿಷ್ಕರಣೆ ಪಡೆಯಲು ಅವರು ದಾರಿಯನ್ನೇನೋ ತೆರೆದಿಟ್ಟರು. ಆದರೆ ಒಂದು ವರ್ಷದ ಮೇಲೆ ಬಿಡಲೇಬೇಕಾದ ಮನೆಯನ್ನು ಮೈಯಲ್ಲಿ ಕಸುವಿರುವಾಗಲೇ ಬಿಡುವುದು ಲೇಸೆಂದು ನನಗೆ ತೋರಿತು. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನ ಬಳಗಕ್ಕೆ ಸೇರಿದ, 2004ರಿಂದ ಬಳಕೆಯಲ್ಲಿರುವ ಉಬುಂಟು ಎಂಬ ವ್ಯವಸ್ಥೆಯನ್ನು ಹಾಕಿಸಿಕೊಂಡೆ. ಅದಕ್ಕೆ ಬೆಲೆಯಿಲ್ಲ, ಹಳೆಯ ಯಂತ್ರವನ್ನು ಅದು ಹೀಗಳೆಯುವುದೂ ಇಲ್ಲ.

ಮೊದಲ ದಿನ ಪರದೆಯ ಮುಂದೆ ಕುಳಿತಾಗ ಕಂಡದ್ದು ಹೀಗೆ: ಕೆಳಗಿನ ಪಟ್ಟಿ ಇಲ್ಲ. ಮೇಲುಗಡೆ ಒಂದು ತೆಳ್ಳನೆಯ ಪಟ್ಟಿ, ಅದರ ನಡುವೆ ಗಡಿಯಾರ. ಎಡಗಡೆ ಮೇಲಿನಿಂದ ಕೆಳಕ್ಕೆ ಚಿತ್ರಗಳ ಸಾಲು. ಕಡತಗಳನ್ನು ಹುಡುಕಹೋದರೆ ‘ಸಿ’, ‘ಡಿ’ ಎಂಬ ಹಳೆಯ ಕೋಣೆಗಳಿಲ್ಲ. ಇಲ್ಲಿ ಎಲ್ಲವೂ ಒಂದೇ ಬೇರಿನಿಂದ ಕವಲೊಡೆದ ಮರ. ಆ ಮರದಲ್ಲಿ ಬಳಸುವವನಿಗೆ ಮೀಸಲಾದ ಕೊಂಬೆಗೆ ‘ಹೋಮ್’ ಎಂದು ಹೆಸರು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವೂ ಚಿಕ್ಕಕ್ಷರವೂ ಇಲ್ಲಿ ಬೇರೆ ಬೇರೆ. ದೊಡ್ಡದು ಚಿಕ್ಕದು ಎಂಬ ಭೇದವನ್ನೇ ಅರಿಯದ ಕನ್ನಡ ಲಿಪಿಗೆ ಮಾತ್ರ ಈ ತೊಡಕು ತಗಲುವುದಿಲ್ಲ. ಬೇಕಾದ ಕೆಲಸವನ್ನು ಕರೆಯಲು ಒಂದು ಕೀಲಿಯನ್ನೊತ್ತಿ ಅದರ ಹೆಸರನ್ನು ಬರೆದರಾಯಿತು. ಆ ಕೀಲಿಯ ಮೇಲೆ ಅಚ್ಚಾಗಿರುವುದು ಹಳೆಯ ವ್ಯವಸ್ಥೆಯ ಕಿಟಕಿಯ ಗುರುತು! ಹಳೆಯ ಮನೆಯವರ ಮುದ್ರೆಯಿರುವ ಕೀಲಿಯೇ ಹೊಸ ಮನೆಯ ಬಾಗಿಲನ್ನೂ ತೆರೆಯುತ್ತದೆ. ನಕಲಿಸುವ, ಅಂಟಿಸುವ, ಉಳಿಸುವ ಕೀಲಿಗಳಂತೂ ಹಳೆಯವೇ. ಇಷ್ಟನ್ನು ತಿಳಿಯಲು ಒಂದು ಸಂಜೆ ಸಾಕಾಯಿತು.

ಆದರೆ ತಿಳಿಯುವುದು ಬೇರೆ, ರೂಢಿಯಾಗುವುದು ಬೇರೆ. ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ದೇವದುರ್ಗದಲ್ಲಿ ಅರ್ಜಿ ಟೈಪು ಮಾಡುವ ಅಂಗಡಿ ಇಟ್ಟುಕೊಂಡಿರುವ ಗೃಹಸ್ಥರೊಬ್ಬರು. ಇಪ್ಪತ್ತು ವರ್ಷಗಳಿಂದ ಪುಟಕ್ಕಿಷ್ಟು ಎಂದು ದುಡಿಯುವವರು. ಅವರ ಯಂತ್ರಕ್ಕೂ ಇದೇ ಕಾಲ ಬಂದು, ಇದೇ ವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದರು. ನಾನು ಹೋದ ದಿನ ಹಳ್ಳಿಯಿಂದ ಬಂದ ರೈತರೊಬ್ಬರು ಬಾಗಿಲಲ್ಲಿ ನಿಂತಿದ್ದರು; ಪಹಣಿಯಲ್ಲಿ ಹೆಸರು ತಿದ್ದಿಸುವ ಅರ್ಜಿ ಕಚೇರಿ ಮುಚ್ಚುವುದರೊಳಗೆ ಒಳಗೆ ಸೇರಬೇಕು. ಅಂಗಡಿಯವರ ಹಣೆಯಲ್ಲಿ ಬೆವರು. “ಮಾಸ್ತರ, ತಲಿಗೆ ಎಲ್ಲಾ ಗೊತ್ತಾಗ್ಯಾದ್ರಿ, ಕೈಗೇ ಇನ್ನಾ ಗೊತ್ತಾಗಿಲ್ಲ,” ಎಂದರು. ನಮಗೆ ಹೊಸ ಪಡಸಾಲೆ ಒಂದು ಕುತೂಹಲವಾಗಬಹುದು. ಪುಟದ ಲೆಕ್ಕದಲ್ಲಿ ಬದುಕುವವರಿಗೆ ಕೈ ನಿಧಾನವಾದಷ್ಟೂ ದಿನದ ಗಳಿಕೆ ಇಳಿಯುತ್ತದೆ. ಕಾಯುತ್ತ ನಿಂತವರಿಗೆ ಮತ್ತೊಂದು ದಿನದ ಬಸ್ಸಿನ ಖರ್ಚು ಬೀಳುತ್ತದೆ.

ಅವರ ಕೈಯನ್ನು ತಡೆದದ್ದು ಚಿತ್ರಗಳ ಸಾಲಾಗಲಿ ಗಡಿಯಾರದ ಜಾಗವಾಗಲಿ ಅಲ್ಲ, ಕೀಲಿಮಣೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಮನೆಮಾತಾದ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರದ ಧ್ವನಿಗೆ ಹತ್ತಿರದ ಕನ್ನಡ ಅಕ್ಷರ ಕುಳಿತಿರುತ್ತದೆ. ‘ದೇವದುರ್ಗ’ ಎಂದು ಬರೆಯಲು ‘ಡಿ’ ಕೀಲಿಯಿಂದ ದಕಾರ, ‘ಜಿ’ ಕೀಲಿಯಿಂದ ಗಕಾರ. ರೇಫವನ್ನು ಗಕಾರಕ್ಕೆ ಕೂಡಿಸಲು ನಡುವೆ ‘ಎಫ್’ ಕೀಲಿ. ಹೊಸ ವ್ಯವಸ್ಥೆಗಳಲ್ಲಿ ‘ಕನ್ನಡ’ ಎಂದಷ್ಟೇ ಆರಿಸಿದರೆ ದೊರೆಯುವುದು ಬಹುಮಟ್ಟಿಗೆ ಇನ್‌ಸ್ಕ್ರಿಪ್ಟ್ ವಿನ್ಯಾಸ. ಭಾರತದ ಹಲವು ಲಿಪಿಗಳಿಗೆ ಒಂದೇ ಜೋಡಣೆಯಿರಲಿ ಎಂದು 1980ರ ದಶಕದಲ್ಲಿ ಕೇಂದ್ರ ಸರ್ಕಾರ ಒಪ್ಪಿದ ವಿನ್ಯಾಸ ಅದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ತನ್ನಷ್ಟಕ್ಕೆ ಅದು ಬಹಳ ವಿಚಾರಪೂರ್ಣವಾದದ್ದು. ಆದರೆ ಅಲ್ಲಿ ‘ಡಿ’ ಕೀಲಿ ಒತ್ತಿದರೆ ಬರುವುದು ಬರಿಯ ಹಲಂತ. ‘ಎಫ್’ ಒತ್ತಿದರೆ ಗುಡಿಸು. ‘ಜಿ’ ಒತ್ತಿದರೆ ಕೊಂಬು. ಇಪ್ಪತ್ತು ವರ್ಷ ದಿನಕ್ಕೆ ಹತ್ತಾರು ಸಲ ತನ್ನ ಊರಿನ ಹೆಸರನ್ನು ಬರೆದ ಕೈ ಅದೇ ಹೆಸರನ್ನು ಬರೆಯಹೋಗಿ ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತದೆ.

ಪರಿಹಾರ ದೂರವಿರಲಿಲ್ಲ. ಅದೇ ವ್ಯವಸ್ಥೆಯ ಕೀಲಿಮಣೆಗಳ ಪಟ್ಟಿಯಲ್ಲಿ ಇನ್ನೊಂದು ಸಾಲು ಕೆಳಗೆ ‘ಕಗಪ’ ಎಂಬ ಹೆಸರಿನಲ್ಲಿ ಪರಿಷತ್ತಿನ ವಿನ್ಯಾಸವೂ ಇದೆ. ಅದನ್ನು ಆರಿಸಿದ ಗಳಿಗೆಯಲ್ಲಿ ಅಂಗಡಿಯವರ ಬೆರಳುಗಳಿಗೆ ತವರಿನ ಅಂಗಳ ಸಿಕ್ಕಂತಾಯಿತು. ರೈತರ ಅರ್ಜಿ ಆ ಸಂಜೆಯೇ ಒಳಗೆ ಸೇರಿತು. ಉಳಿದ ಹೊಸತನಕ್ಕೆ ಅವರು ಕಂಡುಕೊಂಡ ಉಪಾಯ ವಿವೇಕದ್ದು. ಹಳೆಯ ಯಂತ್ರವೊಂದನ್ನು ಪಕ್ಕದಲ್ಲೇ ಉಳಿಸಿಕೊಂಡು, ಅವಸರದ ಕೆಲಸವನ್ನು ಅದರಲ್ಲಿ, ನಿಧಾನದ ಕೆಲಸವನ್ನು ಹೊಸದರಲ್ಲಿ ಮಾಡುತ್ತ ಹೋದರು. ಮೂರನೆಯ ವಾರದ ಹೊತ್ತಿಗೆ ಹಳೆಯದರ ಮೇಲೆ ಬಟ್ಟೆ ಹೊದಿಸಿದರು. ಕೈಗೆ ಪಾಠ ಹೇಳಲಾಗದು, ಕಾಲಾವಕಾಶ ಕೊಡಬಹುದು.

ಇಂಥ ಸ್ಥಳಾಂತರ ನಮ್ಮ ಸೀಮೆಗೆ ಹೊಸದೇನಲ್ಲ. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಇಲ್ಲಿಯ ಕಚೇರಿಯ ಭಾಷೆ ಉರ್ದು. ಬರಹ ಬಲದಿಂದ ಎಡಕ್ಕೆ. ಪುಸ್ತಕ ತೆರೆಯುವುದೂ ಬಲಗಡೆಯಿಂದ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲಿ ಬರೆದು, ನಡುವಯಸ್ಸಿನಲ್ಲಿ ಕಚೇರಿಯ ಕನ್ನಡಕ್ಕೆ ತಿರುಗಿದವರು. ಮನೆಯ ಮಾತೇ ಕನ್ನಡವಾದರೂ ಕಚೇರಿಯ ಕೈ ಉರ್ದುವಿನದು. ಬಹುದಿನಗಳವರೆಗೆ ರಿಜಿಸ್ಟರನ್ನು ಕೈಗೆತ್ತಿಕೊಂಡಾಗ ಅವರ ಬೆರಳು ಮೊದಲು ಬಲಗಡೆಯ ರಟ್ಟನ್ನೇ ಎತ್ತುತ್ತಿತ್ತಂತೆ. ಕಚೇರಿ ಬದಲಾದರೂ ಅರ್ಜಿ, ದಫ್ತರ, ಜಮಾಬಂದಿ, ಪಂಚನಾಮೆ ಎಂಬ ಮಾತುಗಳು ಕನ್ನಡದ ಸಾಲಿನಲ್ಲಿ ಹಾಯಾಗಿ ಕುಳಿತು ಇಂದಿಗೂ ಇವೆ. ಹಳೆಯ ಮನೆಯಿಂದ ನಾವು ತರುವ ಸಾಮಾನು ಹೊಸ ಮನೆಗೆ ಯಾವಾಗಲೂ ಭಾರವಾಗುವುದಿಲ್ಲ.

ಈ ದಿಕ್ಕಿನ ಗೊಂದಲ ಕಂಪ್ಯೂಟರಿನ ಲೋಕದಲ್ಲೂ ನಡೆದಿದೆ. ಕಿಟಕಿಯನ್ನು ಮುಚ್ಚುವ ಗುಂಡಿ ಉಬುಂಟುವಿನಲ್ಲಿ 2010ರಲ್ಲಿ ಬಲದಿಂದ ಎಡಕ್ಕೆ ಹೋಯಿತು. ಬಳಸುವವರು ಬಹಳ ಗೊಣಗಿದರು. 2017ರಲ್ಲಿ ಮತ್ತೆ ಬಲಕ್ಕೆ ಬಂದಿತು. ವಿಂಡೋಸ್ 8 ತನ್ನ ಹೆಸರಾಂತ ‘ಸ್ಟಾರ್ಟ್’ ಗುಂಡಿಯನ್ನು 2012ರಲ್ಲಿ ತೆಗೆದುಹಾಕಿ, ಮರುವರ್ಷವೇ ಹಿಂದಕ್ಕೆ ತರಬೇಕಾಯಿತು. ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್ 2011ರಲ್ಲಿ ಮುಖ ಬದಲಿಸಿದಾಗ, ಒಪ್ಪದವರು ಅದರ ಹಳೆಯ ರೂಪವನ್ನೇ ‘ಮಾಟೆ’ ಎಂಬ ಹೆಸರಿನಿಂದ ತಾವು ನಡೆಸಿಕೊಂಡು ಬಂದರು. ಕೋಟಿಗಟ್ಟಲೆ ಜನರ ಕೈಯ ರೂಢಿಗೆ ದೊಡ್ಡ ಸಂಸ್ಥೆಗಳೂ ತಲೆಬಾಗಿವೆ.

ಒಂದು ಊರಿಗೆ ಊರೇ ಮನೆ ಬದಲಿಸಿದ ಉದಾಹರಣೆಗಳೂ ಇವೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ನಿರ್ಧರಿಸಿ, ಮುಂದಿನ ಹತ್ತು ವರ್ಷಗಳಲ್ಲಿ ತನ್ನ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ತಂದು, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ನಮಗೆ ಹತ್ತಿರದ ಕೇರಳದಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ದು ಅಲ್ಲಿಯೇ ನೆಲೆಗೊಳಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ಪಡಸಾಲೆಯಲ್ಲೇ ಕಂಪ್ಯೂಟರಿನ ಅಕ್ಷರಾಭ್ಯಾಸ ಮಾಡಿದರು. ಒಂದು ಕಡೆ ನೌಕರರು ಹಳೆಯದನ್ನು ಮರೆತು ಹೊಸದನ್ನು ಕಲಿಯಬೇಕಿತ್ತು. ಇನ್ನೊಂದು ಕಡೆ ಮಕ್ಕಳಿಗೆ ಮರೆಯಬೇಕಾದದ್ದೇ ಇರಲಿಲ್ಲ. ಫಲ ಬೇರೆಯಾದುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಇದನ್ನು ಬಿಟ್ಟು ಲೆಕ್ಕ ಹಾಕಲೂ ಬಾರದು.

ಇಷ್ಟು ಹೊತ್ತು ಪಡಸಾಲೆಯ ಮಾತಾಯಿತು. ನನ್ನ ನಿಜವಾದ ಚಿಂತೆ ಒಳಮನೆಯದು. ದಾಸಸಾಹಿತ್ಯಕ್ಕೆ ನಮ್ಮ ಸೀಮೆ ತವರು. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿಯ ಸೀಮೆಗೆ ಸೇರಿದವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಹರಿಕಥಾಮೃತಸಾರ ಹುಟ್ಟಿದ್ದು ಈ ಮಣ್ಣಿನವರಿಂದ. ಅಚ್ಚಾದ ಕೃತಿಗಳ ಮಾತಂತಿರಲಿ, ಈ ಎರಡು ತಾಲ್ಲೂಕುಗಳ ಮನೆಮನೆಗಳಲ್ಲಿ ಹೆಣ್ಣುಮಕ್ಕಳ ಬಾಯಲ್ಲಿ ಆ ಪದಗಳಿಗೆ ಬೇರೆ ಬೇರೆ ಪಾಠಗಳಿವೆ; ಅವುಗಳೊಡನೆ ಬೀಸುವ ಪದ, ಸೋಬಾನೆ ಪದಗಳೂ ಬೆರೆತಿವೆ. ಸುಮಾರು ಇಪ್ಪತ್ತು ವರ್ಷ ನಾನು ಅವನ್ನು ಕೇಳಿ ಬರೆದುಕೊಂಡು, ರಾತ್ರಿ ಹೊತ್ತು ಟೈಪು ಮಾಡುತ್ತ ಬಂದೆ. ಆರುನೂರಕ್ಕೂ ಮಿಕ್ಕ ಪುಟಗಳು. ಹಾಡಿದವರಲ್ಲಿ ಈಗ ಬಹುಮಂದಿ ಇಲ್ಲ.

ಹೊಸ ಮನೆಯಲ್ಲಿ ಆ ಕಡತಗಳನ್ನು ತೆರೆದರೆ ಕನ್ನಡವೇ ಇರಲಿಲ್ಲ. ನೆತ್ತಿಯ ಮೇಲೆ ಗೀರು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ. ಇದು ಯಾರೊಬ್ಬರ ದೋಷವೂ ಅಲ್ಲ, ಆ ಕಾಲದ ರೀತಿ. ಅಂದು ಕನ್ನಡ ಅಕ್ಷರದ ತುಂಡುಗಳನ್ನು, ತಲೆಕಟ್ಟು, ಕೊಂಬು, ಒತ್ತುಗಳನ್ನು, ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸುತ್ತಿದ್ದರು. ಆ ಫಾಂಟು ಇರುವ ತನಕ ಕನ್ನಡ; ಅದಿಲ್ಲದ ಊರಿನಲ್ಲಿ ಬರಿಯ ಗೀರು. ಕಂಪ್ಯೂಟರಿನ ದೃಷ್ಟಿಯಲ್ಲಿ ನಾನು ಆ ಇಪ್ಪತ್ತು ವರ್ಷ ಬರೆದದ್ದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಚಿತ್ರ. ಯೂನಿಕೋಡ್ ಎಂಬ ವ್ಯವಸ್ಥೆ ಇದನ್ನು ಬೇರೆ ಬಗೆಯಲ್ಲಿ ಸಾಧಿಸಿತು. ಅದರಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯುಂಟು, ಕಕಾರಕ್ಕೆ 3221. ಯಾವ ಯಂತ್ರವಾಗಲಿ, ಯಾವ ಪಡಸಾಲೆಯಾಗಲಿ, 3221 ಎಂದರೆ ಕಕಾರವೇ. ಅದನ್ನು ಗುಂಡಗೆ ಬರೆಯಬೇಕೋ ಓರೆಯಾಗಿ ಬರೆಯಬೇಕೋ ಎಂಬುದಷ್ಟೇ ಫಾಂಟಿನ ಕೆಲಸ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಆದರೂ ಕಣ್ಣಿನ ಕಾವಲು ಬೇಕು. ಮತ್ತೆ ‘ದೇವದುರ್ಗ’ವನ್ನೇ ನೋಡಿ. ಹಳೆಯ ರೀತಿಯಲ್ಲಿ ಮೊದಲು ಗಕಾರ, ಅದರ ಮುಂದೆ ಅರ್ಕಾವೊತ್ತು. ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡಿನಲ್ಲಿ ಮೊದಲು ರೇಫ, ಆಮೇಲೆ ಗಕಾರ. ನಾಲಿಗೆ ನುಡಿಯುವ ಕ್ರಮ. ಪರಿವರ್ತಕ ಪ್ರತಿ ಅರ್ಕಾವೊತ್ತನ್ನೂ ಹಿಂದಕ್ಕೆ ನಡೆಸಿಕೊಂಡು ಹೋಗಿ ಅದರ ಜಾಗದಲ್ಲಿ ಬಿಡಬೇಕು. ಒತ್ತಕ್ಷರಗಳು ಒತ್ತೊತ್ತಾಗಿ ಬಂದಲ್ಲಿ ಅದು ದಾರಿ ತಪ್ಪುವುದೂ ಉಂಟು. ಆದ್ದರಿಂದ ಆರುನೂರು ಪುಟಗಳನ್ನೂ ಹಳೆಯ ನೋಟುಪುಸ್ತಕಗಳೊಡನೆ ಹೋಲಿಸಿ ಓದಿದೆ. ಪಡಸಾಲೆಗೆ ಹೊಂದಿಕೊಳ್ಳಲು ಮೂರು ವಾರ ಹಿಡಿದರೆ, ಅಕ್ಷರಗಳನ್ನು ಸಾಗಿಸಲು ಐದು ತಿಂಗಳು ಹಿಡಿಯಿತು. ಹಾಡಿದವರ ದನಿ ಮತ್ತೆ ಕಿವಿಯಲ್ಲಿ ಮೊಳಗಿದ್ದು ಆ ಶ್ರಮಕ್ಕೆ ದೊರೆತ ಕೂಲಿ.

ನಮ್ಮ ಮಸ್ಕಿಯ ಬಂಡೆಯನ್ನು ನೆನೆಯಿರಿ. ಅಶೋಕನ ಹೆಸರನ್ನೇ ಹೊತ್ತ ಆ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಅದರ ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿದ್ದರು. ಅದಕ್ಕೆ ಮೊದಲು ಶತಮಾನಗಳ ಕಾಲ ದೇಶದ ತುಂಬ ಅಂಥ ಶಾಸನಗಳಿದ್ದವು, ಅಕ್ಷರಗಳಿದ್ದವು, ನೋಡುವ ಕಣ್ಣುಗಳೂ ಇದ್ದವು. ಓದುವ ಬಗೆ ಮಾತ್ರ ಕಳೆದುಹೋಗಿತ್ತು. ಕಲ್ಲಾದರೆ ಪ್ರಿನ್ಸೆಪ್ ಬರುವ ತನಕ ಕಾದೀತು. ನಮ್ಮ ಕಡತಗಳಿಗೆ ಅಷ್ಟು ಆಯುಸ್ಸಿಲ್ಲ.

ಇನ್ನೊಂದು ಮಾತು ಹೇಳಬೇಕು. ಮಾನ್ವಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ರಜೆಗೆ ಬಂದಾಗ ಈ ಯಂತ್ರದ ಮುಂದೆ ಕುಳಿತು, ಅರೆಗಳಿಗೆಯಲ್ಲಿ ಬೇಕಾದುದನ್ನೆಲ್ಲ ಹುಡುಕಿಕೊಂಡಳು. “ತಾತಾ, ಅದಕ್ಕೂ ಇದಕ್ಕೂ ಏನು ಫರಕು?” ಎಂದು ಕೇಳಿದಳು. ಮೊಬೈಲಿನಲ್ಲಿ ಬೆಳೆದ ಮಕ್ಕಳಿಗೆ ಪಡಸಾಲೆ ದಿನಕ್ಕೊಂದು ಬಗೆ. ಅವರು ಎಲ್ಲಿಯೂ ಹೊಸಬರಲ್ಲ. ಆದರೆ ‘ಮಾನ್ವಿ’ ಎಂದು ಬರೆಯಮ್ಮ ಎಂದಾಗ ಅವಳ ಬೆರಳು ನಿಂತಿತು. ಇದುವರೆಗೆ ಅವಳು ಕನ್ನಡವನ್ನು ಬರೆದದ್ದೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ. ರೂಢಿಯಿಲ್ಲದ ಕೈಗೆ ತೊಡಕಿಲ್ಲ, ನಿಜ, ಕೌಶಲವೂ ಇಲ್ಲ. ನಾಲ್ಕು ಸಂಜೆ ಅವಳಿಗೆ ಕೀಲಿಮಣೆ ಕಲಿಸಿದೆ. ನಕಾರ, ‘ಎಫ್’ ಕೀಲಿ, ವಕಾರ, ಗುಡಿಸು. ಒತ್ತಕ್ಷರ ಮೂಡಿದಾಗ ಅವಳ ಮುಖ ಅರಳಿತು. ಈಗ ನನ್ನ ಸಂಗ್ರಹದ ಕೊನೆಯ ಪುಟಗಳ ಕರಡನ್ನು ಅವಳೇ ತಿದ್ದುತ್ತಿದ್ದಾಳೆ.

ಹೀಗಾಗಿ ಮನೆ ಬದಲಿಸುವವರಿಗೆ ನನ್ನ ಕಿವಿಮಾತು ಇಷ್ಟೆ. ಹೊಸ ಪಡಸಾಲೆ ಹಳೆಯದರಂತೆ ಇದೆಯೇ ಎಂದು ಅಳೆಯಬೇಡಿ. ಕೈಗೆ ಮೂರು ವಾರ ಕೊಟ್ಟರೆ ಅದು ಯಾವ ಪಡಸಾಲೆಯನ್ನಾದರೂ ತನ್ನದಾಗಿಸಿಕೊಳ್ಳುತ್ತದೆ. ಅಳೆಯಬೇಕಾದದ್ದು ಹಿತ್ತಿಲ ಬಾಗಿಲನ್ನು. ನಾಳೆ ಇಲ್ಲಿಂದಲೂ ಹೊರಡಬೇಕಾಗಿ ಬಂದರೆ, ಬರೆದದ್ದನ್ನೆಲ್ಲ ಬರೆದ ಹಾಗೆಯೇ ಹೊತ್ತುಕೊಂಡು ಹೋಗಲು ಈ ಮನೆ ಬಿಡುತ್ತದೆಯೇ? ಬಿಡುವುದಾದರೆ ಅದು ಬಾಳಲು ತಕ್ಕ ಮನೆ. ಬಿಡದಿದ್ದರೆ ಅದರ ಪಡಸಾಲೆ ಎಷ್ಟೇ ಪರಿಚಿತವಾಗಿರಲಿ, ಎಷ್ಟೇ ಅಂದವಾಗಿರಲಿ, ಇಂದೇ ಗಂಟುಮೂಟೆ ಕಟ್ಟಲು ಆರಂಭಿಸಿ. ಅಜ್ಜಿಯರು ಹಾಡಿದ್ದನ್ನು ಮೊಮ್ಮಕ್ಕಳು ಓದಬೇಕಾದರೆ ನಡುವೆ ನಾವು ಮಾಡಬೇಕಾದ ಕೆಲಸ ಇದು.